ಭಾಷೆಗೆ ನಾಲ್ಕು ಅಂಕ

ಕವನಾ ಆ ಹಾಳೆಯನ್ನು ಬೇಕೆಂದು ನೋಡಿದ್ದಲ್ಲ. ಶಾಲೆಯಲ್ಲಿ ರಾಜ್ಯೋತ್ಸವದ ಭಾಷಣ ಸ್ಪರ್ಧೆ ಆಗಷ್ಟೇ ಮುಗಿದಿತ್ತು. ಮೊದಲನೇ ಬಹುಮಾನ ಎಂದಿನಂತೆ ಒಂಬತ್ತನೇ ಕ್ಲಾಸಿನ ಕವನಾಗೆ ಬಂದಿತ್ತು. ಕನ್ನಡ ಪಾಠ ಮಾಡುವ ಕಲಾವತಿ ಮಿಸ್ ಅವಳ ಕೈಗೆ ಒಂದು ಫೈಲು ಕೊಟ್ಟು, "ಸ್ಟಾಫ್ ರೂಮಲ್ಲಿ ನನ್ನ ಟೇಬಲ್ ಮೇಲೆ ಇಟ್ಬಿಡಮ್ಮ" ಎಂದಿದ್ದರು. ಒಂದು ಕೈಯಲ್ಲಿ ಕಪ್ ಹಿಡಿದುಕೊಂಡು ಮೆಟ್ಟಿಲು ಹತ್ತುವಾಗ ಫೈಲು ಜಾರಿತು, ಹಾಳೆಗಳು ಚೆಲ್ಲಿದವು. ಆರಿಸಿಕೊಳ್ಳುವಾಗ ತನ್ನ ಹೆಸರು ಕಂಡಿತು. ಹೆಸರು ಕಂಡಮೇಲೆ ಅಂಕ ನೋಡದೆ ಇರಲಾಗಲಿಲ್ಲ.

ಕವನಾ, ಐವತ್ತಕ್ಕೆ ನಲವತ್ತು. ಅದರ ಕೆಳಗೆ ನೀಲಾಂಬಿಕಾ, ಮೂವತ್ತೊಂಬತ್ತು. ಆದರೆ ಆ ಮೂವತ್ತೊಂಬತ್ತರ ಪಕ್ಕದಲ್ಲಿ ಇನ್ನೊಂದು ಸಂಖ್ಯೆಯನ್ನು ಹೊಡೆದು ಹಾಕಿದ್ದರು. ನೀಲಿ ಶಾಯಿಯ ನಲವತ್ತನಾಲ್ಕು. 'ಭಾಷೆ' ಎಂಬ ಕಾಲಮಿನಲ್ಲಿದ್ದ ಒಂಬತ್ತರ ಮೇಲೆ ಕೆಂಪು ಗೆರೆ ಎಳೆದು ನಾಲ್ಕು ಬರೆದಿದ್ದರು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಶುದ್ಧವಿಲ್ಲ' ಎಂದಿತ್ತು.

ನೀಲಾಂಬಿಕಾ ಆ ವರ್ಷ ಜೂನ್‌ನಲ್ಲಿ ಮುಧೋಳದ ಕಡೆಯಿಂದ ಬಂದು ಸೇರಿದ ಹುಡುಗಿ. ಅವಳಪ್ಪ ಬಾಳೇಶ ಇದೇ ಶಾಲೆಯ ವ್ಯಾನ್ ಓಡಿಸುತ್ತಿದ್ದ. ಇರುವುದು ಹೆಗ್ಗನಹಳ್ಳಿಯಲ್ಲಿ, ತಾಯಿ ಗುರವ್ವ ಜೋಳದ ರೊಟ್ಟಿ ಬಡಿದು ಮನೆಮನೆಗೆ, ಮೆಸ್ಸುಗಳಿಗೆ ಕೊಡುತ್ತಿದ್ದಳು. ಆ ಮಧ್ಯಾಹ್ನ ನೀಲಾಂಬಿಕಾ ವೇದಿಕೆ ಹತ್ತಿ ತನ್ನೂರಿನ ಮಾತಲ್ಲೇ ಶುರು ಮಾಡಿದಾಗ ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತ್ತು. ಅವಳು ನಗು ನಿಲ್ಲುವವರೆಗೆ ಕಾದು, ಬಂದ ಹೊಸದರಲ್ಲಿ ತನ್ನ ಅವ್ವ ಇಲ್ಲಿನ ಅಂಗಡಿಗೆ ಹೋಗಿ ಈರುಳ್ಳಿಗೆ ಉಳ್ಳಾಗಡ್ಡಿ ಎಂದು ಕೇಳಿದ್ದನ್ನು ಹೇಳಿದಳು. ಅಂಗಡಿಯವನು ಅವ್ವನಿಗೆ ಕನ್ನಡ ಬರುವುದಿಲ್ಲ ಎಂದುಕೊಂಡು ಹಿಂದಿಯಲ್ಲಿ ಉತ್ತರ ಕೊಟ್ಟನಂತೆ. ಸಭೆ ಮತ್ತೆ ನಕ್ಕಿತು. ಆಮೇಲೆ ಅವಳು, "ನಕ್ಕವರೆಲ್ಲಾ ಒಂದ್ ಮಾತು ಹೇಳ್ರಿ, ಅವತ್ತು ಕನ್ನಡ ಬರಲಾರದವರು ಯಾರಿದ್ರು?" ಎಂದು ಕೇಳಿ ಸುಮ್ಮನೆ ನಿಂತಳು. ಹಿಂದಿನ ಬೆಂಚಿನವರು ತಮ್ಮ ಕಾಲು ನೋಡಿಕೊಂಡರು. ಕವನಾ ಪರದೆಯ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಾ, ಈ ಸಲ ಬಹುಮಾನ ನನಗಿಲ್ಲ ಎಂದುಕೊಂಡಿದ್ದಳು. ಅವಳ ಸರದಿ ಬಂದಾಗ ಕಲಾವತಿ ಮಿಸ್ ಬರೆದುಕೊಟ್ಟಿದ್ದ, ಕನ್ನಡಾಂಬೆಯ ಮಡಿಲು, ಧನ್ಯತೆ, ಕಂಪು, ಇಂಪು ಎಲ್ಲ ಇದ್ದ ಭಾಷಣವನ್ನು ತಪ್ಪಿಲ್ಲದೆ ಒಪ್ಪಿಸಿದ್ದಳು. ಆದರೂ ಮೈಕಿನಲ್ಲಿ ಕರೆದದ್ದು ಅವಳ ಹೆಸರನ್ನೇ.

ಸ್ಟಾಫ್ ರೂಮಿಗೆ ಕಲಾವತಿ ಮಿಸ್ ಬರುವವರೆಗೆ ಅವಳು ಅಲ್ಲೇ ನಿಂತಿದ್ದಳು. ಹಾಳೆ ಕೈಯಲ್ಲೇ ಇತ್ತು.

"ಇದನ್ನ ಯಾರು ತಿದ್ದಿದ್ದು ಮಿಸ್?"

ಮಿಸ್ ಹಾಳೆ ನೋಡಿದರು, ಬಾಗಿಲು ನೋಡಿದರು. "ಅದೆಲ್ಲ ನಿಂಗ್ಯಾಕೆ ಕವನಾ. ಕೊಡಿಲ್ಲಿ."

"ಯಾರು ತಿದ್ದಿದ್ದು?"

"ನಾನೇ. ಹೆಡ್ ಮಿಸ್ ಹೇಳಿದ್ರು. ಮುಂದಿನ ಸಾಲಲ್ಲಿ ನಿಮ್ಮ ತಾತ ಕೂತಿದ್ರು. ನಮ್ಮ ಸಭಾಂಗಣ ಅವರು ಕೊಟ್ಟ ಜಾಗದಲ್ಲಿ ನಿಂತಿದೆ. ಅವರ ಕೈಯಿಂದಲೇ ಕಪ್ ಕೊಡಿಸ್ತೀವಿ. ಅವರ ಮೊಮ್ಮಗಳಿಗೆ ಎರಡನೇದು ಅಂತ ಹೇಗೆ ಕೂಗೋದು?"

"ಹೋದ ವರ್ಷ?"

ಮಿಸ್ ಕುರ್ಚಿ ಎಳೆದು ಕೂತರು. ಮುಖದಲ್ಲಿ ನಾಚಿಕೆಗಿಂತ ದಣಿವು ಹೆಚ್ಚಾಗಿತ್ತು. "ಎಲ್ಲಾ ಸಲ ಅಲ್ಲ ಕಣೇ. ಕೆಲವು ಸಲ ನಿಜವಾಗ್ಲೂ ನಿಂದೇ ಚೆನ್ನಾಗಿತ್ತು."

"ಯಾವ್ಯಾವ ಸಲ?"

"ಈಗ ನೆನಪಿಲ್ಲ."

ಆ ಎರಡು ಮಾತು ಕವನಾಳನ್ನು ಸುಟ್ಟ ಹಾಗೆ ಆ ಕೆಂಪು ಗೆರೆ ಕೂಡ ಸುಟ್ಟಿರಲಿಲ್ಲ. ಐದನೇ ಕ್ಲಾಸಿನಿಂದ ಹನ್ನೊಂದು ಬಹುಮಾನ ಬಂದಿದ್ದವು. ಎಲ್ಲ ಸುಳ್ಳು ಎಂದಿದ್ದರೆ ಎತ್ತಿ ಎಸೆಯಬಹುದಿತ್ತು. ಕೆಲವು ನಿಜ, ಯಾವುವು ಎಂದು ಯಾರಿಗೂ ಗೊತ್ತಿಲ್ಲ. ಇನ್ನು ಯಾವುದನ್ನೂ ತನ್ನದು ಎನ್ನುವ ಹಾಗಿಲ್ಲ.

ಮನೆಯಲ್ಲಿ ತಾತ ಮರಿಯಪ್ಪ ಜಗಲಿಯ ಮೇಲೆ ಕೂತು ಬಾಡಿಗೆಗೆ ಮನೆ ಕೇಳಲು ಬಂದ ಯಾರೊಂದಿಗೋ ಮಾತಾಡುತ್ತಿದ್ದರು. ಬ್ಯಾಡರಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅವರು ರಾಗಿ, ಅವರೆ ಬೆಳೆದ ಜಮೀನಿನಲ್ಲಿ ಈಗ ಅವರದೇ ಮೂರು ಕಟ್ಟಡಗಳಿದ್ದವು. ಬಂದವನು ಹೋಗುವವರೆಗೂ ಕವನಾ ಚಪ್ಪಲಿ ಬಿಡದೆ ನಿಂತಿದ್ದಳು.

"ತಾತ, ನನಗೆ ಫಸ್ಟ್ ಕೊಡಿ ಅಂತ ನೀನು ಹೇಳಿದ್ದಾ?"

"ಯಾರಂದ್ರು? ನಾನು ಒಂದು ದಿನ ಬಾಯಿ ಬಿಟ್ಟಿಲ್ಲ ಕಣವ್ವ."

"ಬಾಯಿ ಬಿಡೋದೇ ಬೇಡ ತಾತ. ನೀನು ಮುಂದಿನ ಸಾಲಲ್ಲಿ ಹೋಗಿ ಕೂತ್ಕೊಂಡ್ರೆ ಸಾಕು, ಅವರು ಮಾರ್ಕ್ಸ್ ತಿದ್ತಾರೆ. ಆ ವ್ಯಾನ್ ಡ್ರೈವರ್ ಮಗಳು ಗೆದ್ದಿದ್ಳು. ಅವಳಿಗೆ ಐದು ಮಾರ್ಕ್ಸ್ ಕಿತ್ಕೊಂಡು ನನಗೆ ಕಪ್ ಕೊಟ್ರು. ನೀನೇ ಕೊಟ್ಟೆ, ನಿನ್ ಕೈಯಾರೆ."

ಮರಿಯಪ್ಪ ನಕ್ಕುಬಿಟ್ಟರು. ಮೊಮ್ಮಗಳ ಸಿಟ್ಟು ಅವರಿಗೆ ಹೊಸದಲ್ಲ. "ಬಿಡತ್ಲಾಗೆ. ಆ ಹುಡುಗಿಗೂ ಒಂದು ಬ್ಯಾಗೋ ಬುಕ್ಕೋ ಕೊಡ್ಸನ. ಇಷ್ಟಕ್ಕೆಲ್ಲ ಯಾಕೆ ಮೈಮೇಲೆ ದೇವ್ರು ಬಂದಂಗಾಡ್ತೀಯ?"

ಕವನಾ ಕಪ್ಪನ್ನು ಅವರ ಕಾಲ ಬಳಿ ಇಟ್ಟು ಒಳಗೆ ಹೋದಳು. ಅಮ್ಮ ಕುಸುಮಾ ತಟ್ಟೆ ಹಿಡಿದು ಬಂದರೆ, ಬೇಡ ಎಂದು ಬಾಗಿಲು ಹಾಕಿಕೊಂಡಳು. ಅಳು ಬರುತ್ತದೆ ಎಂದುಕೊಂಡಿದ್ದಳು, ಬರಲಿಲ್ಲ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯತೊಡಗಿತು.

ಮಾರನೆಯ ದಿನ ಸಂಜೆ ಶಾಲೆ ಬಿಟ್ಟಮೇಲೆ ವ್ಯಾನಿನ ಹತ್ತಿರ ಅವಳು ನೀಲಾಂಬಿಕಾಳನ್ನು ಹಿಡಿದಳು. ಕಪ್ಪನ್ನು ಒಂದು ಬಟ್ಟೆಯ ಚೀಲದಲ್ಲಿ ತಂದಿದ್ದಳು. ಅಂಕಪಟ್ಟಿಯ ವಿಷಯ ಹೇಳಿ, "ಇದು ನಿಂದು, ತಗೋ" ಎಂದು ಚೀಲ ಚಾಚಿದಳು.

ನೀಲಾಂಬಿಕಾ ಚೀಲ ಮುಟ್ಟಲಿಲ್ಲ. ಅವಳ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ನೀ ಕೊಟ್ರ ನಾ ತಗೋಬೇಕೇನು? ಮೈಕಿನ್ಯಾಗ ಎಲ್ಲಾರ ಮುಂದ ನಿನ್ನ ಹೆಸರು ಕರದು, ಈಗ ವ್ಯಾನಿನ ಹಿಂದ ನನಗ ಚೀಲದಾಗ ಹಾಕಿ ಕೊಡ್ತೀ?"

"ನಾನು ಹೆಡ್ ಮಿಸ್ ಹತ್ರ ಹೋಗ್ತೀನಿ. ನೀನೂ ಬಾ."

"ಬಂದು? ನಮ್ಮಪ್ಪನ ಕೆಲಸ ಹೋತಂದ್ರ ನಿಮ್ಮ ತಾತ ಕೊಡಸ್ತಾನೇನು?" ನೀಲಾಂಬಿಕಾ ವ್ಯಾನಿನ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು. "ಒಂದ್ ಹೇಳ್ತೀನಿ ಕೇಳು. ಬರದು ಕೊಟ್ಟಿದ್ದು ಬಾಯಿಪಾಠ ಹೇಳೂದು ಭಾಷಣ ಅಲ್ಲ. ನಿನಗ ಮಾತಾಡಾಕ ಬರೂದಿಲ್ಲ. ಅದ ಮೊದಲ ಕಲಿ, ಆಮ್ಯಾಲ ನನಗ ನ್ಯಾಯ ಕೊಡಾಕ ಬಾ."

ವ್ಯಾನ್ ಹೋಯಿತು. ಧೂಳಿನಲ್ಲಿ ನಿಂತ ಕವನಾಗೆ ಆ ಹುಡುಗಿಯ ಮೇಲೆ ಎಷ್ಟು ಕೋಪ ಬಂತೆಂದರೆ, ಅವಳು ಹೇಳಿದ್ದು ನಿಜ ಎಂಬುದು ಮನೆ ತಲುಪುವವರೆಗೂ ಹೊಳೆಯಲಿಲ್ಲ. ಹೊಳೆದಮೇಲೆ ಕೋಪ ಇಮ್ಮಡಿಯಾಯಿತು.

ವಿಜಯನಗರದಲ್ಲಿ, ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿಗೆ ಹತ್ತಿರದ ಒಂದು ಓಣಿಯಲ್ಲಿ, ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯ ಮೇಲೆ ಹಳೆಯ ಸಂಘವೊಂದಿತ್ತು. ಅಲ್ಲಿ ಪ್ರತಿ ತಿಂಗಳ ಎರಡನೇ ಭಾನುವಾರ ಹದಿನೆಂಟರೊಳಗಿನವರಿಗೆ ಆಶುಭಾಷಣ ಸ್ಪರ್ಧೆ ನಡೆಯುತ್ತಿತ್ತು. ಚೀಟಿ ಎತ್ತಬೇಕು, ಎರಡು ನಿಮಿಷ ಯೋಚಿಸಬೇಕು, ನಾಲ್ಕು ನಿಮಿಷ ಮಾತಾಡಬೇಕು. ಯಾರ ಮಗಳು, ಯಾವ ಶಾಲೆ ಎಂದು ಕೇಳುವ ಪದ್ಧತಿ ಇರಲಿಲ್ಲ, ಬೆನ್ನಿಗೆ ಒಂದು ನಂಬರ್ ಅಂಟಿಸುತ್ತಿದ್ದರು. ಕವನಾ ಡಿಸೆಂಬರಿನಲ್ಲಿ ಅಲ್ಲಿಗೆ ಹೋದಳು. ತಾತನ ಕಾರು ಬೇಡವೆಂದು, ಆಧಾರ್ ಕಾರ್ಡ್ ತೋರಿಸಿ ಉಚಿತವಾಗಿ ಬಸ್ಸಿನಲ್ಲಿ ಟೋಲ್‌ಗೇಟಿನವರೆಗೆ ಹೋಗಿ, ಅಲ್ಲಿಂದ ನಡೆದಳು.

ಅವಳಿಗೆ ಬಂದ ಚೀಟಿಯಲ್ಲಿ 'ಕೊಡೆ' ಎಂದಿತ್ತು. ಕೊಡೆಯ ಬಗ್ಗೆ ಒಬ್ಬ ಮನುಷ್ಯ ನಾಲ್ಕು ನಿಮಿಷ ಏನು ಮಾತಾಡಬಹುದು? "ಕೊಡೆಯು ನಮ್ಮನ್ನು ಮಳೆಯಿಂದ ರಕ್ಷಿಸುತ್ತದೆ" ಎಂದಳು. "ಬಿಸಿಲಿನಿಂದಲೂ ರಕ್ಷಿಸುತ್ತದೆ" ಎಂದಳು. ಆಮೇಲೆ ಬಾಯಿ ಒಣಗಿತು. ಎದುರಿಗಿದ್ದ ಇಪ್ಪತ್ತು ಜನ ಕಾಯುತ್ತಲೇ ಇದ್ದರು. ನಲವತ್ತು ಸೆಕೆಂಡಿಗೆ ಅವಳು ಕೆಳಗಿಳಿದು ಬಂದಳು. ಅವಳಾದಮೇಲೆ ಬಂದ ಏಳನೇ ಕ್ಲಾಸಿನ ಪುಟ್ಟ ಹುಡುಗಿಯೊಬ್ಬಳು 'ಸೊಳ್ಳೆ' ಎಂಬ ಚೀಟಿ ಎತ್ತಿಕೊಂಡು ಎಲ್ಲರನ್ನೂ ನಾಲ್ಕು ನಿಮಿಷ ನಗಿಸಿದಳು.

ಸಂಘ ನಡೆಸುತ್ತಿದ್ದವರು ದೇವೇಂದ್ರಪ್ಪ ಎಂಬ ನಿವೃತ್ತ ಮೇಷ್ಟ್ರು. ಮಕ್ಕಳಿಗೆ ಸವಿಮಾತು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಕವನಾ ಚಪ್ಪಲಿ ಹಾಕಿಕೊಳ್ಳುವಾಗ ಹತ್ತಿರ ಬಂದು, "ಇಷ್ಟು ದಿನ ಯಾರು ಬರೆದುಕೊಡ್ತಾ ಇದ್ರು?" ಎಂದು ಕೇಳಿದರು.

"ನಮ್ಮ ಮಿಸ್ಸು."

"ಹ್ಞೂಂ. ಅದಕ್ಕೇ ಸ್ವಂತದ್ದು ಒಂದೂ ಇಲ್ಲ. ಕೊಡೆ ಹಿಡಿದು ಎಲ್ಲಿಗೂ ಹೋಗೇ ಇಲ್ವೇನಮ್ಮ ನೀನು? ನಿಮ್ಮನೇಲಿ ಒಂದು ಕೊಡೆನಾದ್ರೂ ಕಳೆದುಹೋಗಿಲ್ವಾ?"

ಅವಳು ದಡದಡನೆ ಮೆಟ್ಟಿಲಿಳಿದಳು. ಬಸ್ಸಿನಲ್ಲಿ ಕಿಟಕಿಯ ಕಂಬಿ ಹಿಡಿದು ಕೂತಳು. ಇನ್ನೊಮ್ಮೆ ಈ ಕಡೆ ತಲೆ ಹಾಕಬಾರದು ಎಂದುಕೊಂಡಳು. ಸುಂಕದಕಟ್ಟೆ ದಾಟುವ ಹೊತ್ತಿಗೆ, ಆ ಮುದುಕನಿಗೆ ನಾಲ್ಕು ನಿಮಿಷ ಪೂರ್ತಿ ಮಾತಾಡಿ ತೋರಿಸದೆ ಬಿಡಬಾರದು ಎಂದುಕೊಂಡಳು.

ಜನವರಿಯಲ್ಲಿ ಎರಡು ನಿಮಿಷ ಮಾತಾಡಿದಳು. ಫೆಬ್ರವರಿಯಲ್ಲಿ ಮೂರು ನಿಮಿಷ ಮಾತಾಡಿದಳಾದರೂ, ಅದರಲ್ಲಿ ಒಂದು ನಿಮಿಷ ಹೇಳಿದ್ದನ್ನೇ ಹೇಳಿದಳು. ದೇವೇಂದ್ರಪ್ಪ ಅದನ್ನು ಎಲ್ಲರ ಮುಂದೆ ಹೇಳಿದರು. ಮಾರ್ಚಿನಲ್ಲಿ ಪರೀಕ್ಷೆಯ ನೆವ ಇದ್ದರೂ ಬಿಡಲಿಲ್ಲ. ಆ ಸಲ ನಾಲ್ಕು ನಿಮಿಷದ ಗಂಟೆ ಹೊಡೆಯುವವರೆಗೂ ನಿಂತಳು, ಆದರೆ ಹದಿನಾಲ್ಕು ಜನರಲ್ಲಿ ಹನ್ನೆರಡನೆಯವಳಾದಳು. ನಾನು ಮಾತುಗಾತಿ ಎಂದು ನಂಬಿಸಿಕೊಂಡು ಬೆಳೆದವಳಿಗೆ, ಪ್ರತಿ ತಿಂಗಳೂ ತನ್ನ ನಂಬರ್ ಪಟ್ಟಿಯ ಕೆಳಗಡೆ ಹುಡುಕುವುದು ಕೆನ್ನೆಗೆ ಹೊಡೆಸಿಕೊಂಡ ಹಾಗಾಗುತ್ತಿತ್ತು. ಮನೆಗೆ ಬಂದು ಬಚ್ಚಲಮನೆಯಲ್ಲಿ ನಲ್ಲಿ ತಿರುಗಿಸಿ, ಕೈಗೆ ಸಿಕ್ಕ ವಸ್ತುವಿನ ಬಗ್ಗೆ ಜೋರಾಗಿ ಮಾತಾಡುತ್ತಿದ್ದಳು. ಬಕೆಟ್ಟು, ಸೋಪು, ಗೀಸರ್. ಅಮ್ಮ ಹೊರಗಿನಿಂದ, "ಯಾರ ಜೊತೆ ಜಗಳ ಕಣೇ?" ಎಂದರೆ, "ಯಾರ ಜೊತೆನೂ ಇಲ್ಲ" ಎನ್ನುತ್ತಿದ್ದಳು. ಅಕ್ಕಪಕ್ಕದವರು ಅಂಗಡಿಯಲ್ಲಿ ಆಡುವ ಮಾತನ್ನು ನಿಂತು ಕೇಳತೊಡಗಿದಳು. ಕೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದಳು. ಮೇ ತಿಂಗಳಲ್ಲಿ ಏಳನೆಯವಳಾದಳು. ದೇವೇಂದ್ರಪ್ಪ ಆ ದಿನವೂ ಹೊಗಳಲಿಲ್ಲ. "ಕೊನೆಗೆ ಬಂದು ನೀತಿ ಹೇಳ್ಬೇಡ. ಮುಗಿದ ಮೇಲೆ ಮುಗಿಸು" ಎಂದರು.

ಹತ್ತನೇ ಕ್ಲಾಸು ಶುರುವಾಗಿ, ಜುಲೈನಲ್ಲಿ ಪ್ರತಿಭಾ ಕಾರಂಜಿಗೆ ಶಾಲೆಯಿಂದ ಹೋಗುವವರ ಪಟ್ಟಿ ನೋಟಿಸ್ ಬೋರ್ಡಿಗೆ ಬಿತ್ತು. ಆಶುಭಾಷಣದ ಎದುರಿಗೆ ಕವನಾಳ ಹೆಸರಿತ್ತು. ಶಾಲೆಯಲ್ಲಿ ಆಯ್ಕೆಯ ಸ್ಪರ್ಧೆಯೇ ನಡೆದಿರಲಿಲ್ಲ.

ಅವಳು ನೇರವಾಗಿ ಹೆಡ್ ಮಿಸ್ ರೂಮಿಗೆ ಹೋದಳು. "ಮೇಡಂ, ಆಯ್ಕೆಗೆ ಸ್ಪರ್ಧೆ ಮಾಡಿ. ಇಲ್ಲದಿದ್ರೆ ನನ್ನ ಹೆಸರು ಹೊಡೆದು ಹಾಕಿ."

"ಟೈಮಿಲ್ಲ ಪುಟ್ಟ. ಅಷ್ಟು ವರ್ಷದಿಂದ ನೀನೇ ಫಸ್ಟ್ ಅಲ್ವಾ?"

"ಅದು ಹೇಗೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು."

ಹೆಡ್ ಮಿಸ್ ಪೆನ್ನು ಕೆಳಗಿಟ್ಟರು. "ಹೊರಗೆ ಹೋಗು. ನಿಮ್ಮ ತಾತನಿಗೆ ಫೋನ್ ಮಾಡ್ತೀನಿ."

ಈ ಸುದ್ದಿ ಸಂಜೆಯೊಳಗೆ ಶಾಲೆಯೆಲ್ಲ ಹಬ್ಬಿತು. ನೀರಿನ ಟ್ಯಾಂಕಿನ ಹತ್ತಿರ ನೀಲಾಂಬಿಕಾ ಅವಳ ದಾರಿಗೆ ಅಡ್ಡ ನಿಂತಳು. ಎಂಟು ತಿಂಗಳಲ್ಲಿ ಇಬ್ಬರೂ ಮಾತಾಡಿರಲಿಲ್ಲ.

"ಹೆಸರು ವಾಪಸ್ ತಗೊಂಡೀಯಂತ?"

"ಹೌದು. ನೀನು ಹೋಗು."

"ನೀ ಬಿಟ್ಟಿದ್ದನ್ನ ನಾ ತಗೊಂಡು ಹೋಗ್ಲ್ಯಾ? ನಾಳೆ ಮಂದಿ ಏನಂತಾರ, ಮರಿಯಪ್ಪನವರ ಮೊಮ್ಮಗಳು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಲು ಅಂತಾರ. ನನಗ ನಿನ್ನ ದೊಡ್ಡ ಮನಸ್ಸು ಬ್ಯಾಡ. ಎದುರಿಗೆ ನಿಂದ್ರು. ನಿಂತು ಸೋಲು."

"ಸೋಲ್ತೀನಿ ಅಂತ ಯಾರು ಹೇಳಿದ್ದು?"

"ನಾ ಹೇಳಾಕತ್ತೀನಿ."

ಕವನಾಗೆ ಕೋಪ ನೆತ್ತಿಗೇರಿತು. ಆದರೆ ಈ ಸಲ ಆ ಕೋಪ ಹಿತವಾಗಿತ್ತು. ಎಷ್ಟೋ ತಿಂಗಳ ಮೇಲೆ ಯಾರೋ ಅವಳನ್ನು ಎದುರಾಳಿ ಎಂದು ಲೆಕ್ಕಕ್ಕೆ ಹಿಡಿದಿದ್ದರು.

ಅವಳು ಮನೆಗೆ ಬರುವಷ್ಟರಲ್ಲಿ ತಾತನಿಗೆ ಫೋನ್ ಬಂದಾಗಿತ್ತು. ಮರಿಯಪ್ಪ ಜಗಲಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. "ಹೆಡ್ ಮೇಡಂಗೆ ಎದುರು ಮಾತಾಡಿದ್ಯಂತೆ. ನಾನು ಜಾಗ ಕೊಟ್ಟಿದ್ದು ಮರ್ಯಾದೆಗೋಸ್ಕರ. ನೀನು ಅದನ್ನ ಬೀದಿಗೆ ತರ್ತಾ ಇದೀಯ."

"ಮರ್ಯಾದೆ ಈಗಾಗ್ಲೇ ಬೀದಿಲೇ ಇದೆ ತಾತ. ವ್ಯಾನಲ್ಲಿ ಕೂತ್ಕೊಂಡು ಮಕ್ಕಳೆಲ್ಲ ಆಡ್ಕೋತಾರೆ, ಕಪ್ ಬೇಕಾದ್ರೆ ಕಟ್ಟಡ ಕಟ್ಟಿಸ್ಕೊಡ್ಬೇಕು ಅಂತ. ನೀನು ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟುವಾಗ ಹಿಂದೆ ನಗ್ತಾರೆ. ನಿನಗೆ ಕೇಳಿಸಲ್ಲ, ನನಗೆ ಕೇಳಿಸುತ್ತೆ."

ಮರಿಯಪ್ಪ ನಿಂತುಬಿಟ್ಟರು. ಇಡೀ ಬ್ಯಾಡರಹಳ್ಳಿಯಲ್ಲಿ ಇಂಥ ಮಾತನ್ನು ಅವರ ಮುಖಕ್ಕೆ ಯಾರೂ ಹೇಳಿರಲಿಲ್ಲ. ಅವರ ಗಲ್ಲ ಅದುರಿತು. ಹೊಡೆಯುತ್ತಾರೇನೋ ಎಂದು ಕುಸುಮಾ ಬಾಗಿಲಿಗೆ ಬಂದಳು.

"ಅವರು ನಿನ್ನ ಮಾತು ಕೇಳ್ತಾರೆ" ಎಂದಳು ಕವನಾ. "ನನಗೋಸ್ಕರ ಒಂದೇ ಒಂದು ಸಲ ಬಾಯಿ ಬಿಡು. ಸ್ಪರ್ಧೆ ಮಾಡಿ ಅನ್ನು. ಹೊರಗಿನವರನ್ನ ಕರೆಸಿ, ಮಾರ್ಕ್ಸನ್ನ ಅಲ್ಲೇ ಓದಿ ಅನ್ನು. ಆ ಹುಡುಗಿ ಅಪ್ಪನ ಕೆಲಸ ಮುಟ್ಟಬಾರದು ಅಂತಲೂ ಹೇಳು."

"ಆಗ ನೀನು ಸೋತ್ರೆ?"

"ಸೋಲ್ತೀನಿ. ನಾನು ಏಳು ತಿಂಗಳಿಂದ ಅದನ್ನೇ ಮಾಡ್ತಾ ಇದೀನಿ."

ಭಾನುವಾರಗಳಂದು ಮೊಮ್ಮಗಳು ಸ್ನೇಹಿತೆಯ ಮನೆಗೆ ಹೋಗುತ್ತಾಳೆಂದು ಮರಿಯಪ್ಪ ತಿಳಿದಿದ್ದರು. ಈಗ ಕವನಾ ಎಲ್ಲ ಹೇಳಿದಳು. ನಲವತ್ತು ಸೆಕೆಂಡಿನಿಂದ ಹಿಡಿದು ಏಳನೇ ಸ್ಥಾನದವರೆಗೆ. ಅವರು ಜಗಲಿಯ ಮೇಲೆ ಕೂತು, "ನಾನು ನೋಡಕ್ಕೆ ಬರಬೋದಾ?" ಎಂದರು. "ಬೇಡ" ಎಂದಳು ಅವಳು. ಅವರು ಮುಖ ತಿರುಗಿಸಿಕೊಂಡೇ ಫೋನ್ ಎತ್ತಿಕೊಂಡರು.

ಮುಂದಿನ ಶುಕ್ರವಾರ ಸ್ಪರ್ಧೆ ನಡೆಯಿತು. ಜಯದೇವಿ ಎಂಬ ಕಾಲೇಜು ಉಪನ್ಯಾಸಕಿ, ಅವರ ಜೊತೆ ಇನ್ನೊಬ್ಬರು ತೀರ್ಪುಗಾರರಾಗಿ ಬಂದರು. ಇಬ್ಬರಿಗೂ ಶಾಲೆಯ ಪರಿಚಯವಿರಲಿಲ್ಲ. ಒಂಬತ್ತು ಮಂದಿ ಹೆಸರು ಕೊಟ್ಟಿದ್ದರು.

ಕವನಾಗೆ ಬಂದ ವಿಷಯ 'ನೆರೆಹೊರೆ'. ಎರಡು ನಿಮಿಷದಲ್ಲಿ ಅವಳು ಒಂದೇ ಒಂದು ಸಂಗತಿ ಹುಡುಕಿಕೊಂಡಳು. "ನಮ್ಮ ಮನೆಯ ಮೇಲೆ ಹದಿನಾಲ್ಕು ಬಾಡಿಗೆ ಮನೆಗಳಿವೆ. ಅದರಲ್ಲಿ ನನಗೆ ಮೂರು ಮನೆಯವರ ಹೆಸರು ಗೊತ್ತು. ಉಳಿದವರನ್ನು ನಾವು ಸೆಕೆಂಡ್ ಫ್ಲೋರ್, ಥರ್ಡ್ ಫ್ಲೋರ್ ಅಂತ ಕರೀತೀವಿ" ಎಂದು ಶುರು ಮಾಡಿದಳು. ಥರ್ಡ್ ಫ್ಲೋರಿನವರ ಮಗುವಿಗೆ ಜ್ವರ ಬಂದು ಆಸ್ಪತ್ರೆ ಸೇರಿದ್ದು ತಮಗೆ ತಿಳಿದದ್ದು ನೀರಿನ ಮೋಟರ್ ಯಾಕೆ ಆಫ್ ಮಾಡಿಲ್ಲ ಎಂದು ಬೈಯಲು ಹೋದಾಗ, ಎಂದಳು. ಬೈಯಲು ಹೋದವಳು ತಾನೇ ಎಂದೂ ಹೇಳಿದಳು. ಒಂದು ಕಡೆ ಮಾತು ತಪ್ಪಿತು, ಮೂರನೇ ನಿಮಿಷದಲ್ಲಿ ಎಳೆ ಕೈಬಿಟ್ಟು ಹೋಗಿ ಮತ್ತೆ ಸಿಕ್ಕಿತು. ನೀತಿ ಹೇಳದೆ ನಿಲ್ಲಿಸಿದಳು. ಗಂಟೆಗೆ ಇನ್ನೂ ಐದು ಸೆಕೆಂಡ್ ಇತ್ತು.

ನೀಲಾಂಬಿಕಾಗೆ 'ಅವಸರ' ಬಂತು. ಅವಳು ಬೆಳಗಿನ ಐದೂವರೆಗೆ ಶುರುವಾಗುವ ತನ್ನ ಮನೆಯನ್ನು ಹೇಳಿದಳು. ಒಂದು ಕೈಯಲ್ಲಿ ಅವ್ವನ ರೊಟ್ಟಿ ಎಣಿಸುತ್ತಾ, ಇನ್ನೊಂದು ಕೈಯಲ್ಲಿ ಅಪ್ಪನ ವ್ಯಾನಿನ ಗಾಜು ಒರೆಸುವ ಹುಡುಗಿ, ಅದೇ ವ್ಯಾನಿನಲ್ಲಿ ಶಾಲೆಗೆ ತಡವಾಗಿ ಬಂದು ಬೈಸಿಕೊಂಡದ್ದನ್ನು ಹೇಳಿದಳು. ಎಲ್ಲೂ ಮಾತು ತಡವರಿಸಲಿಲ್ಲ. ತನ್ನ ಊರಿನ ಮಾತನ್ನು ಒಂದಿಷ್ಟೂ ತಿದ್ದಿಕೊಳ್ಳಲಿಲ್ಲ.

ಜಯದೇವಿ ಅಂಕಗಳನ್ನು ನಿಂತು ಓದಿದರು. ನೀಲಾಂಬಿಕಾ ನಲವತ್ತೆರಡು, ಅದರಲ್ಲಿ ಭಾಷೆಗೆ ಒಂಬತ್ತು. ಕವನಾ ಮೂವತ್ತೊಂಬತ್ತು. ಶಾಲೆಯಿಂದ ಹೋಗುವುದು ಒಬ್ಬರೇ.

ನ್ಯಾಯವಾಗಿ ಸೋತರೆ ಮನಸ್ಸು ಹಗುರಾಗುತ್ತದೆ ಎಂದು ಕವನಾ ಅಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಎದೆಯೊಳಗೆ ಕೆಂಡ ಇಟ್ಟಂತಾಯಿತು. ತಿದ್ದಿದವರು ಯಾರೂ ಇರಲಿಲ್ಲ, ಬೈಯಲು ಕೂಡ ಯಾರೂ ಸಿಗಲಿಲ್ಲ. ಮೂರನೇ ನಿಮಿಷದಲ್ಲಿ ಎಳೆ ಕೈಬಿಟ್ಟವಳು ತಾನೇ. ಅವಳು ಸಭಾಂಗಣದಿಂದ ಹೊರಬಂದು ಗೋಡೆಗೆ ಹಣೆ ಒತ್ತಿ ನಿಂತಳು.

ನೀಲಾಂಬಿಕಾ ಹಿಂದೆಯೇ ಬಂದಳು. ಸಮಾಧಾನ ಹೇಳಲಿಲ್ಲ. "ಮೋಟರ್ ಸಲುವಾಗಿ ಬೈಯಾಕ ಹೋಗಿದ್ದು ಖರೇ ಏನು?"

"ಖರೇ."

"ಅದನ್ನ ನಡುವ ಹೇಳಿದಿ. ಮೊದಲ ಹೇಳಬೇಕಿತ್ತು. ನಾ ಅಂಜಿದ್ದೆ, ಹಂಗ ಮಾಡಿದ್ದಿ ಅಂದ್ರ ನಾ ಸೋಲ್ತಿದ್ದೆ."

"ಮುಂದಿನ ಸಲ ಮೊದಲೇ ಹೇಳ್ತೀನಿ" ಎಂದಳು ಕವನಾ, ಹಲ್ಲು ಕಚ್ಚಿಕೊಂಡೇ. "ನಿನ್ನ ವಿರುದ್ಧನೇ ಹೇಳ್ತೀನಿ."

"ಹೇಳು ಬಾ. ಎಲ್ಲಿ?"

ಕವನಾ ವಿಜಯನಗರದ ಸಂಘದ ವಿಳಾಸ ಹೇಳಿದಳು. ಭಾನುವಾರ ರೊಟ್ಟಿಯ ಆರ್ಡರ್ ಇರುತ್ತದೆ, ಅವ್ವನನ್ನು ಕೇಳಿ ನೋಡುತ್ತೇನೆ ಎಂದು ನೀಲಾಂಬಿಕಾ ಹೊರಟುಹೋದಳು.

ಮನೆಯಲ್ಲಿ ಮರಿಯಪ್ಪ ಕಾಯುತ್ತಿದ್ದರು. ಅವಳ ಮುಖ ನೋಡಿದ ಕೂಡಲೇ, "ಯಾರು ಜಡ್ಜು?" ಎಂದು ಶುರು ಮಾಡಿ, ಅವಳು ತಲೆಯೆತ್ತಿ ನೋಡಿದ್ದಕ್ಕೆ ಅಲ್ಲಿಗೇ ನಿಲ್ಲಿಸಿದರು. ಸ್ವಲ್ಪ ಹೊತ್ತಿನ ಮೇಲೆ, "ಆ ಹುಡುಗಿ ಚೆನ್ನಾಗಿ ಮಾತಾಡಿದ್ಲಾ?" ಎಂದರು.

"ನನಗಿಂತ ಚೆನ್ನಾಗಿ ಮಾತಾಡಿದ್ಲು."

ಆ ಮಾತು ಹೇಳುವುದು ನಾಲ್ಕು ನಿಮಿಷದ ಭಾಷಣಕ್ಕಿಂತ ಕಷ್ಟವಾಯಿತು. ಮರಿಯಪ್ಪ ತಲೆದೂಗಲಿಲ್ಲ, ಬೆನ್ನು ತಟ್ಟಲಿಲ್ಲ. ಪಕ್ಕಕ್ಕೆ ಸರಿದು ಜಗಲಿಯಲ್ಲಿ ಅವಳಿಗೆ ಜಾಗ ಮಾಡಿಕೊಟ್ಟರು. ಆಮೇಲೆ, ಥರ್ಡ್ ಫ್ಲೋರಿನವರ ಹೆಸರೇನು ಎಂದು ಅವಳು ಕೇಳಿದಳು. ಅವರಿಗೂ ಗೊತ್ತಿರಲಿಲ್ಲ.

ನೀಲಾಂಬಿಕಾ ತಾಲ್ಲೂಕು ಮಟ್ಟದವರೆಗೆ ಹೋಗಿ ಮೂರನೆಯವಳಾಗಿ ವಾಪಸು ಬಂದಳು, ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಆಗಸ್ಟಿನ ಎರಡನೇ ಭಾನುವಾರ ಬೆಳಿಗ್ಗೆ ಹೆಗ್ಗನಹಳ್ಳಿಯಿಂದ ನಡೆದು ಬಂದು ಸುಂಕದಕಟ್ಟೆಯಲ್ಲಿ ಬಸ್ ಹತ್ತಿದಳು. ಆ ಬಸ್ಸಿನಲ್ಲಿ ಕವನಾ ಮೊದಲೇ ಕೂತಿದ್ದಳು. ಇಬ್ಬರೂ ಒಂದೇ ಸೀಟಿನಲ್ಲಿ ಕೂತರು, ಟೋಲ್‌ಗೇಟ್ ಬರುವವರೆಗೂ ಒಬ್ಬರೊಬ್ಬರ ತಪ್ಪು ಎತ್ತಿ ಆಡಿದರು. ಕಂಡಕ್ಟರ್ ಎರಡು ಸಲ ತಿರುಗಿ ನೋಡಿ, "ಏನಮ್ಮಾ, ಜಗಳ ಇಳಿದ ಮೇಲೆ ಆಡ್ಕೊಳ್ಳಿ" ಎಂದ. ಅವರು ದನಿ ತಗ್ಗಿಸಲಿಲ್ಲ.